ಗರ್ಭದ ಕೂಸಿನ ಪರೀಕ್ಷೆ: ಮಾಡಿಸಬೇಕೆ, ಬೇಡವೆ?

ಮೂರು ತಿಂಗಳ ಹಿಂದಿನ ಒಂದು ಭಾನುವಾರ. ಬಲಿಪೂಜೆ ಮುಗಿದು ಭಕ್ತಾದಿಗಳೆಲ್ಲ ಚದುರಿದ ಮೇಲೂ ದಂಪತಿಗಳಿಬ್ಬರು ದೇವಾಲಯದ ಕಟ್ಟೆಯ ಬಳಿ ನಿಂತೇ ಇದ್ದರು. ಗಂಡ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡಿಕೊಂಡು ಬಂದವನು. ಹೆಂಡತಿ ಐದನೆಯ ತಿಂಗಳ ಬಸುರಿ, ವಯಸ್ಸು ಮೂವತ್ತಾರು. ಆಕೆಯ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ತಾಯಿ ಕಾರ್ಡು, ಅದರೊಡನೆ ನಗರದ ಆಸ್ಪತ್ರೆಯೊಂದರಲ್ಲಿ ಮಾಡಿಸಿದ ರಕ್ತಪರೀಕ್ಷೆಯ ವರದಿ. ವರದಿಯ ಒಂದು ಮೂಲೆಯಲ್ಲಿ 1:180 ಎಂಬ ಅಂಕಿ, ಅದರ ಸುತ್ತ ಕೆಂಪು ಶಾಯಿಯ ವೃತ್ತ. ಸೂಜಿಯಿಂದ ಗರ್ಭದ ನೀರನ್ನು ತೆಗೆದು ಇನ್ನೊಂದು ಪರೀಕ್ಷೆ ಮಾಡಿಸಬಹುದು, ಎಂಟು ದಿನದೊಳಗೆ ತೀರ್ಮಾನ ತಿಳಿಸಿರಿ ಎಂದು ಅವರಿಗೆ ಹೇಳಿ ಕಳಿಸಲಾಗಿತ್ತು.

"ಫಾದರ್, ಕೂಸಿಗಿ ಬುದ್ಧಿ ಕಮ್ಮಿ ಆಗ್ತದ ಅಂತ ಈ ಕಾಗದದಾಗ ಬರದದ ಅಂತಾರ್ರಿ. ಖರೇನ ಏನ್ರಿ? ಮತ್ತ ಆ ಸೂಜಿ ಪರೀಕ್ಷಾ ಮಾಡಸೂದು ಪಾಪ ಏನ್ರಿ?" ಎಂದು ಆ ತಾಯಿ ಕೇಳಿದಳು.

ಎರಡು ಪ್ರಶ್ನೆಗಳು. ಮೊದಲನೆಯದು ವಿಜ್ಞಾನದ್ದು, ಎರಡನೆಯದು ಅಂತಃಸಾಕ್ಷಿಯದು. ನಮ್ಮ ಸಗರನಾಡಿನ ಹಳ್ಳಿಗಳಲ್ಲಿ ಮೂವತ್ತು ವರ್ಷಗಳ ಹಿಂದೆ ಇಂಥ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಹೆರಿಗೆ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಕೂಸಿನ ಮುಖ ಕಾಣುವುದು ಅದು ಹೊರಬಂದ ಮೇಲೆಯೇ. ಇಂದು ಯಾದಗಿರಿಯಲ್ಲಿ, ಶಹಾಪುರದಲ್ಲಿ, ಸುರಪುರದಲ್ಲಿ ಸ್ಕ್ಯಾನಿಂಗ್ ಕೇಂದ್ರಗಳಿವೆ. ಯಾದಗಿರಿ 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, ಈಗ ಅಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. ಪರೀಕ್ಷೆಗಳು ಹತ್ತಿರ ಬಂದಿವೆ. ಆದರೆ ಅವುಗಳ ಅರ್ಥವನ್ನು ತಿಳಿಹೇಳುವವರು ಅಷ್ಟೇ ಹತ್ತಿರ ಬಂದಿದ್ದಾರೆಂದು ಹೇಳಲಾರೆ. ಆದುದರಿಂದ ಈ ವಾರದ ಅಂಕಣವನ್ನು ಇದೇ ವಿಷಯಕ್ಕೆ ಮೀಸಲಿಡುತ್ತಿದ್ದೇನೆ.

ನನ್ನದೊಂದು ತಪ್ಪು

ಇತರರಿಗೆ ಬುದ್ಧಿ ಹೇಳುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಗುರುದೀಕ್ಷೆ ಪಡೆದ ಹೊಸತರಲ್ಲಿ ನಾನೊಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದೆ. ಬಸುರಿಯೊಬ್ಬಳು, ಸ್ಕ್ಯಾನಿಂಗ್ ಮಾಡಿಸಬೇಕೆ ಎಂದು ಕೇಳಿದಳು. ಗುರುಮಠದಲ್ಲಿ ಏಳೆಂಟು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿ ಬಂದಿದ್ದ ನನಗೆ ಉತ್ತರ ಕೊಡುವ ಅವಸರ. "ದೇವರು ಕೊಟ್ಟದ್ದನ್ನು ಯಂತ್ರದಲ್ಲಿ ಇಟ್ಟು ನೋಡುವುದೇಕಮ್ಮ? ನಂಬಿಕೆ ಇರಲಿ" ಎಂದುಬಿಟ್ಟೆ. ಅವಳು ನನ್ನ ಮಾತನ್ನು ನಂಬಿದಳು.

ಕೂಸು ಹುಟ್ಟಿದಾಗ ಅದರ ಬೆನ್ನಿನ ಕೆಳಭಾಗದಲ್ಲಿ ಗಂಟಿತ್ತು. ಬೆನ್ನೆಲುಬು ಕೂಡಿಕೊಳ್ಳದೆ ನರಗಳು ತೆರೆದುಕೊಂಡಿದ್ದವು. ಇಂಥ ಶಿಶುವಿಗೆ ಹುಟ್ಟಿದ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕು, ಅಲ್ಲಿಯವರೆಗೆ ಗಾಯವನ್ನು ನಂಜಾಗದಂತೆ ಮುಚ್ಚಿಡಬೇಕು. ಮನೆಯವರಿಗೆ ಇದೊಂದೂ ತಿಳಿಯದು. ದೂರದ ಆಸ್ಪತ್ರೆಗೆ ತಲುಪುವ ವೇಳೆಗೆ ನಂಜು ಏರಿತ್ತು. ಹನ್ನೊಂದು ದಿನ ಬದುಕಿದ ಆ ಕೂಸಿಗೆ ದೀಕ್ಷಾಸ್ನಾನ ಕೊಟ್ಟವನೂ, ಅದನ್ನು ಮಣ್ಣು ಮಾಡಿದವನೂ ನಾನೇ. ತಾಯಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮೊದಲೇ ತಿಳಿದಿದ್ದರೆ ಕೂಸು ಬದುಕುತ್ತಿತ್ತೆಂದು ಖಂಡಿತವಾಗಿ ಹೇಳಲಾಗದು. ಆದರೆ ಸಿದ್ಧತೆಯಿಂದ ಹೆರಿಗೆ ಮಾಡಿಸುವ ಅವಕಾಶವನ್ನು ನನ್ನ ಅವಸರದ ಮಾತು ಆ ಮನೆಯಿಂದ ಕಿತ್ತುಕೊಂಡಿತು. ತಿಳಿಯದಿರುವುದನ್ನು ನಂಬಿಕೆಯೆಂದು ಕರೆಯಬಾರದೆಂದು ನಾನು ಅಂದು ಕಲಿತೆ.

ಪರೀಕ್ಷೆಗಳಲ್ಲಿ ಎಷ್ಟು ಬಗೆ?

ಎಲ್ಲ ಪರೀಕ್ಷೆಗಳನ್ನೂ ಒಂದೇ ಚೀಲಕ್ಕೆ ಹಾಕಿ ಒಳ್ಳೆಯದು, ಕೆಟ್ಟದ್ದು ಎನ್ನುವುದು ಸರಿಯಲ್ಲ. ಮೊದಲನೆಯ ಬಗೆ ತಾಯಿಯ ಆರೋಗ್ಯಕ್ಕೆ ಸಂಬಂಧಿಸಿದ್ದು: ರಕ್ತಹೀನತೆ, ರಕ್ತದೊತ್ತಡ, ಸಕ್ಕರೆ, ರಕ್ತದ ಗುಂಪು, ಎಚ್ಐವಿ, ಸಿಫಿಲಿಸ್ ಮುಂತಾದವುಗಳ ತಪಾಸಣೆ. ಇವುಗಳಲ್ಲಿ ಧರ್ಮಸಂಕಟವೇನೂ ಇಲ್ಲ. ಇವನ್ನು ತಪ್ಪಿಸಿಕೊಳ್ಳುವುದೇ ತಪ್ಪು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಯ ಏರ್ಪಾಡು ಇದೆ. ಆಶಾ ಕಾರ್ಯಕರ್ತೆ ಕರೆದಾಗ ಹೋಗಬೇಕು.

ಎರಡನೆಯದು ಸ್ಕ್ಯಾನಿಂಗ್. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ವೈದ್ಯ ಇಯಾನ್ ಡೊನಾಲ್ಡ್ 1958ರಲ್ಲಿ ಈ ವಿಧಾನವನ್ನು ವೈದ್ಯಲೋಕದ ಮುಂದಿಟ್ಟರು. ಗರ್ಭದ ಶಿಶುವನ್ನು ಜಗತ್ತಿಗೆ ತೋರಿಸಿಕೊಟ್ಟ ಆತ ಗರ್ಭಪಾತವನ್ನು ವಿರೋಧಿಸುತ್ತಿದ್ದರು ಎಂಬುದು ಗಮನಾರ್ಹ. ಗರ್ಭದ 18ರಿಂದ 20 ವಾರಗಳ ನಡುವೆ ಮಾಡುವ ವಿವರವಾದ ಸ್ಕ್ಯಾನಿಂಗಿನಲ್ಲಿ ಕೂಸಿನ ತಲೆ, ಬೆನ್ನೆಲುಬು, ಹೃದಯ, ಮೂತ್ರಪಿಂಡ, ಕೈಕಾಲುಗಳನ್ನು ನೋಡಲಾಗುತ್ತದೆ.

ಮೂರನೆಯದು ಸಾಧ್ಯತೆಯನ್ನು ಲೆಕ್ಕ ಹಾಕುವ ರಕ್ತಪರೀಕ್ಷೆ. ಆ ದಂಪತಿ ತಂದದ್ದು ಇದನ್ನೇ. ತಾಯಿಯ ರಕ್ತದಲ್ಲಿನ ಕೆಲವು ಅಂಶಗಳನ್ನು ಅಳೆದು, ಅವಳ ವಯಸ್ಸನ್ನು ಸೇರಿಸಿ, ಡೌನ್ ಸಿಂಡ್ರೋಮ್ ಎಂಬ ಸ್ಥಿತಿ ಕೂಸಿಗೆ ಇರುವ ಸಾಧ್ಯತೆ ಎಷ್ಟೆಂದು ಹೇಳುತ್ತಾರೆ. ತಾಯಿಯ ರಕ್ತದಲ್ಲೇ ದೊರೆಯುವ ವರ್ಣತಂತುವಿನ ತುಣುಕುಗಳಿಂದ ತಿಳಿಯುವ ಹೊಸ ಪರೀಕ್ಷೆ 2011ರಿಂದ ಬಳಕೆಗೆ ಬಂದಿದೆ. ಅದು ಹೆಚ್ಚು ನಿಖರ, ಆದರೆ ದುಬಾರಿ. ಅದರ ಉತ್ತರವೂ ಕೊನೆಯ ಮಾತಲ್ಲ.

ನಾಲ್ಕನೆಯದು ಸೂಜಿಯ ಪರೀಕ್ಷೆ. 15 ವಾರಗಳ ನಂತರ ಗರ್ಭದ ನೀರನ್ನು ತೆಗೆದು ವರ್ಣತಂತುಗಳನ್ನು ನೋಡುವುದರಿಂದ ಖಚಿತ ಉತ್ತರ ದೊರೆಯುತ್ತದೆ. ಆದರೆ ಗರ್ಭ ಜಾರುವ ಅಪಾಯ, ನೂರಕ್ಕೆ ಒಂದಕ್ಕಿಂತ ಕಡಿಮೆಯಾದರೂ, ಇದ್ದೇ ಇದೆ.

ಅಂಕಿಯನ್ನು ಓದುವ ಬಗೆ

1:180 ಎಂದರೆ ಏನು? ಇಂಥದೇ ಅಂಕಿ ಬಂದ 180 ಮಂದಿ ತಾಯಂದಿರನ್ನು ಸಾಲಾಗಿ ನಿಲ್ಲಿಸಿದರೆ, ಅವರಲ್ಲಿ 179 ಮಂದಿಯ ಕೂಸಿಗೆ ಆ ಸ್ಥಿತಿ ಇರುವುದಿಲ್ಲ, ಒಬ್ಬಳ ಕೂಸಿಗೆ ಇರುತ್ತದೆ ಎಂದರ್ಥ. ಕೆಂಪು ವೃತ್ತವನ್ನು ಕಂಡು ಆ ಹೆಣ್ಣುಮಗಳು ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ಆ 179ರ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಲೆಕ್ಕ. ಹತ್ತು ಸಾವಿರ ಗರ್ಭಿಣಿಯರಲ್ಲಿ ಹತ್ತು ಮಂದಿಯ ಕೂಸಿಗೆ ಡೌನ್ ಸಿಂಡ್ರೋಮ್ ಇದೆಯೆಂದುಕೊಳ್ಳೋಣ. ಪರೀಕ್ಷೆಯು ಆ ಹತ್ತರಲ್ಲಿ ಎಂಟನ್ನು ಗುರುತಿಸುತ್ತದೆ, ದೋಷವಿಲ್ಲದವರಲ್ಲಿ ನೂರಕ್ಕೆ ಐವರನ್ನು ತಪ್ಪಾಗಿ ಎತ್ತಿ ತೋರಿಸುತ್ತದೆ ಎಂದುಕೊಂಡರೆ, ಸುಮಾರು 500 ತಾಯಂದಿರು ನಿಷ್ಕಾರಣವಾಗಿ ಹೆದರಬೇಕಾಗುತ್ತದೆ. ಪರೀಕ್ಷೆ ಎತ್ತಿ ತೋರಿಸಿದ ಅರುವತ್ತಕ್ಕೂ ಹೆಚ್ಚು ತಾಯಂದಿರಲ್ಲಿ ಒಬ್ಬಳ ವಿಷಯದಲ್ಲಿ ಮಾತ್ರ ಅದು ನಿಜ. ಉಳಿದ ಇಬ್ಬರು ತಾಯಂದಿರಿಗಾದರೋ ಎಲ್ಲವೂ ಸರಿಯಿದೆಯೆಂಬ ಸುಳ್ಳು ಸಮಾಧಾನ. ತರ್ಕಶಾಸ್ತ್ರದಲ್ಲಿ ಸಾಧ್ಯತೆ ಬೇರೆ, ಸತ್ಯ ಬೇರೆ ಎಂದು ನಮಗೆ ಕಲಿಸುತ್ತಿದ್ದರು. ಆ ಪಾಠ ಇಲ್ಲಿ ಒಂದು ಜೀವದ ಪ್ರಶ್ನೆಯಾಗಿ ನಿಲ್ಲುತ್ತದೆ. ಶೋಧನೆಯ ಪರೀಕ್ಷೆಯನ್ನು ರೋಗನಿರ್ಣಯವೆಂದು ಭಾವಿಸಿ ಯಾರೂ ಯಾವ ಹೆಜ್ಜೆಯನ್ನೂ ಇಡಬಾರದು.

ವಯಸ್ಸಿನ ಮಾತೂ ನಿಜವೇ. ತಾಯಿಯ ಇಪ್ಪತ್ತೈದನೆಯ ವಯಸ್ಸಿನಲ್ಲಿ ಈ ಸಾಧ್ಯತೆ ಸುಮಾರು 1,250ಕ್ಕೆ ಒಂದು, ಮೂವತ್ತೈದರಲ್ಲಿ 350ಕ್ಕೆ ಒಂದು, ನಲವತ್ತರಲ್ಲಿ 100ಕ್ಕೆ ಒಂದು. ಇದು ತಾಯಿಯ ಪಾಪದ ಫಲವಲ್ಲ, ಗ್ರಹಣದ ದಿನ ಹೊರಬಂದುದರ ಫಲವೂ ಅಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದಿಂದಾಯಿತೆಂದು ಯೇಸುಸ್ವಾಮಿಯನ್ನು ಕೇಳಿದ ಪ್ರಸಂಗ ಯೊವಾನ್ನರ ಶುಭಸಂದೇಶದಲ್ಲಿದೆ. ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲವೆಂದು ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ಎರಡು ಸಾವಿರ ವರ್ಷಗಳ ನಂತರವೂ ನಮ್ಮ ಕೇರಿಗಳಲ್ಲಿ ಆ ಪ್ರಶ್ನೆ ನಿಂತಿಲ್ಲ, ಮತ್ತು ಅದು ಬೀಳುವುದು ಸೊಸೆಯ ತಲೆಯ ಮೇಲೆ.

ಕಳ್ಳುಬಳ್ಳಿಯ ಮದುವೆಗಳು

ಆ ದಂಪತಿ ಸೋದರ ಸಂಬಂಧಿಗಳು, ಅತ್ತೆಯ ಮಗ ಮತ್ತು ಮಾವನ ಮಗಳು. ಡೌನ್ ಸಿಂಡ್ರೋಮಿಗೂ ಇದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಆದರೆ ಬೇರೆ ಅನೇಕ ವಂಶವಾಹಿ ಕಾಯಿಲೆಗಳಿಗೆ ಉಂಟು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ, ಹೆತ್ತವರಲ್ಲಿ ಸುಮಾರು ಮೂರರಲ್ಲೊಂದು ಜೋಡಿ ರಕ್ತಸಂಬಂಧಿಗಳೆಂದು ಕಂಡುಬಂತು. ಇಂದಿಗೂ ನಮ್ಮ ರಾಜ್ಯದಲ್ಲಿ ಸುಮಾರು ನಾಲ್ಕರಲ್ಲೊಂದು ಮದುವೆ ಅಂಥದೇ. ಯಾವುದೇ ಕೂಸಿಗೆ ಹುಟ್ಟಿನಿಂದ ಗಂಭೀರ ದೋಷವಿರುವ ಸಾಧ್ಯತೆ ನೂರಕ್ಕೆ ಎರಡು ಮೂರು ಇದ್ದರೆ, ಸೋದರ ಸಂಬಂಧಿಗಳ ಮಕ್ಕಳಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸೋದರಮಾವನನ್ನು ಮದುವೆಯಾದವರಲ್ಲಿ ಇನ್ನೂ ಹೆಚ್ಚು.

1983ರ ಧರ್ಮಸಭಾ ಕಾನೂನುಸಂಹಿತೆಯ 1091ನೆಯ ಕಾನೂನು ನಾಲ್ಕನೆಯ ಮೆಟ್ಟಿಲಿನವರೆಗೆ ರಕ್ತಸಂಬಂಧದ ವಿವಾಹವನ್ನು ನಿಷೇಧಿಸುತ್ತದೆ. ಸೋದರತ್ತೆಯ, ಸೋದರಮಾವನ ಮಕ್ಕಳೊಡನೆ ನಡೆಯುವ ಮದುವೆಗೆ ಧರ್ಮಾಧ್ಯಕ್ಷರ ವಿನಾಯಿತಿ ಬೇಕು. ಅನೇಕರು ಇದನ್ನೊಂದು ಕಚೇರಿಯ ಕಾಗದವೆಂದು ತಿಳಿಯುತ್ತಾರೆ. ಅದರ ಹಿಂದಿನ ವಿವೇಕವನ್ನು ಮದುವೆಗೆ ಮುನ್ನವೇ ನೆನೆಯಬೇಕು. ಪರೀಕ್ಷೆಯೂ ಮದುವೆಗೆ ಮುನ್ನವೇ ಒಳ್ಳೆಯದು. ತಲಸ್ಸೇಮಿಯ, ಕುಡಗೋಲು ಕಣದ ರಕ್ತಹೀನತೆಗಳ ಅಂಶ ಗಂಡು ಹೆಣ್ಣು ಇಬ್ಬರಲ್ಲೂ ಅಡಗಿದ್ದರೆ ಪ್ರತಿ ಬಸುರಿನಲ್ಲೂ ನೂರಕ್ಕೆ 25ರಷ್ಟು ಸಾಧ್ಯತೆಯಿಂದ ಕಾಯಿಲೆಯ ಕೂಸು ಹುಟ್ಟುತ್ತದೆ. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಅಂತೆಯೇ ಗರ್ಭ ಧರಿಸುವ ಮುನ್ನವೇ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿದರೆ ಬೆನ್ನುಹುರಿಯ ದೋಷಗಳು ಬಹುಪಾಲು ತಪ್ಪುತ್ತವೆಂದು 1991ರಲ್ಲೇ ಸಾಬೀತಾಗಿದೆ. ನಾನು ಮಣ್ಣು ಮಾಡಿದ ಆ ಕೂಸಿನ ತಾಯಿಗೆ ಈ ಮಾತ್ರೆಯ ಹೆಸರನ್ನು ಯಾರೂ ಹೇಳಿರಲಿಲ್ಲ.

ಧರ್ಮಸಭೆ ಏನೆನ್ನುತ್ತದೆ?

ಪರೀಕ್ಷೆ ಪಾಪವೆ? ಅಲ್ಲ. 1987ರ ಫೆಬ್ರವರಿ 22ರಂದು ಹೊರಬಂದ 'ದೋನುಂ ವೀತೆ' ಎಂಬ ಉಪದೇಶದಲ್ಲಿಯೂ, ಜಗದ್ಗುರು ಎರಡನೆಯ ಜಾನ್ ಪಾಲರು 1995ರ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದ ದಿನ, ನೀಡಿದ 'ಎವಾಂಜೆಲಿಯುಂ ವೀತೆ' ಎಂಬ ವಿಶ್ವಪತ್ರದಲ್ಲಿಯೂ ಇದಕ್ಕೆ ಸ್ಪಷ್ಟ ಉತ್ತರವಿದೆ. ಗರ್ಭದ ಶಿಶುವಿನ ಜೀವವನ್ನೂ ಅಖಂಡತೆಯನ್ನೂ ಗೌರವಿಸುವ, ಅದರ ರಕ್ಷಣೆ ಇಲ್ಲವೆ ಚಿಕಿತ್ಸೆಯನ್ನು ಗುರಿಯಾಗಿಸಿಕೊಂಡ, ತಾಯಿಗೂ ಕೂಸಿಗೂ ಮಿತಿಮೀರಿದ ಅಪಾಯ ತಾರದ ಪರೀಕ್ಷೆ ನೀತಿಸಮ್ಮತ. ದೋಷ ಕಂಡರೆ ಕೂಸನ್ನು ತೆಗೆಸಿಬಿಡಬೇಕೆಂಬ ಸಂಕಲ್ಪದಿಂದ ಮಾಡಿಸುವ ಪರೀಕ್ಷೆ ನೀತಿಸಮ್ಮತವಲ್ಲ. ಪರೀಕ್ಷೆ ಒಂದೇ, ಸಂಕಲ್ಪ ಎರಡು. ಒಲೆಯ ಬೆಂಕಿಗೂ ಬಣವೆಗೆ ಇಟ್ಟ ಬೆಂಕಿಗೂ ಕಡ್ಡಿ ಒಂದೇ ಅಲ್ಲವೆ?

ನಾಡಿನ ಕಾನೂನನ್ನೂ ತಿಳಿದಿರಬೇಕು. 1994ರಲ್ಲಿ ಅಂಗೀಕಾರವಾಗಿ 1996ರ ಜನವರಿ 1ರಿಂದ ಜಾರಿಗೆ ಬಂದು 2003ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಗರ್ಭದ ಶಿಶು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ. ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ: ಸೂಜಿಯಂಥ ಪರೀಕ್ಷೆಗೆ ಮುನ್ನ ಅದರ ದುಷ್ಪರಿಣಾಮಗಳನ್ನು ತಾಯಿಗೆ ವಿವರಿಸಬೇಕು, ಅವಳಿಗೆ ತಿಳಿಯುವ ಭಾಷೆಯಲ್ಲಿ ಅವಳ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿಯನ್ನು ಅವಳಿಗೆ ಕೊಡಬೇಕು. ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಾಗಿಲ್ಲ. 1971ರ ಗರ್ಭಪಾತದ ಕಾನೂನು 2021ರಲ್ಲಿ ತಿದ್ದುಪಡಿಯಾಗಿದ್ದು, ಗಂಭೀರ ದೋಷವಿದೆಯೆಂದು ವೈದ್ಯ ಮಂಡಳಿ ಹೇಳಿದರೆ 24 ವಾರಗಳ ನಂತರವೂ ಗರ್ಭಪಾತಕ್ಕೆ ಅವಕಾಶವಿದೆ. ಅವಕಾಶವಿದೆ ಎಂದರೆ ಕಡ್ಡಾಯವೆಂದಲ್ಲ. ವಯಸ್ಕ ಮಹಿಳೆಯ ಸ್ವಂತ ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ. ಕಾನೂನು ಬಿಟ್ಟುಕೊಟ್ಟದ್ದೆಲ್ಲ ಒಳಿತಾಗುವುದಿಲ್ಲವೆಂಬುದು ಧರ್ಮಸಭೆಯ ನಿಲುವು, ನನ್ನ ನಿಲುವೂ ಅದೇ. ಆದರೆ ಭಯದಿಂದ, ಬಡತನದಿಂದ, ಮನೆಯವರ ಒತ್ತಡದಿಂದ ಆ ದಾರಿ ಹಿಡಿದು ನೊಂದು ಬಂದ ತಾಯಂದಿರನ್ನೂ ನಾನು ಕಂಡಿದ್ದೇನೆ. ಅವರಿಗೆ ದೇವಾಲಯದ ಬಾಗಿಲು ಎಂದೂ ಮುಚ್ಚಿಲ್ಲ. ಅದೇ ವಿಶ್ವಪತ್ರದಲ್ಲಿ ಜಗದ್ಗುರುಗಳು ಅಂಥವರಿಗೆಂದೇ ಸಾಂತ್ವನದ ಮಾತುಗಳನ್ನು ಬರೆದಿದ್ದಾರೆ.

ಡೌನ್ ಸಿಂಡ್ರೋಮಿಗೆ 21ನೆಯ ವರ್ಣತಂತು ಒಂದು ಹೆಚ್ಚಾಗಿರುವುದೇ ಕಾರಣವೆಂದು 1959ರಲ್ಲಿ ಪ್ರಕಟಿಸಿದವರಲ್ಲಿ ಫ್ರಾನ್ಸಿನ ವೈದ್ಯ ಜೆರೋಮ್ ಲೆಜನ್ ಒಬ್ಬರು, ಮಾರ್ತ್ ಗೋತಿಯೆ ಮತ್ತು ರೇಮೋನ್ ತುರ್ಪಾಂ ಅವರ ಜೊತೆಗಾರರು. ಈ ಅರಿವಿನಿಂದ ಚಿಕಿತ್ಸೆ ದೊರೆಯಲೆಂಬುದು ಲೆಜನ್ ಅವರ ಆಸೆಯಾಗಿತ್ತು. ಅದೇ ಅರಿವು ಆ ಮಕ್ಕಳನ್ನು ಹುಟ್ಟದಂತೆ ಮಾಡಲು ಬಳಕೆಯಾದುದನ್ನು ಕಂಡು ಅವರು ಬದುಕಿನುದ್ದಕ್ಕೂ ನೊಂದರು. 1994ರಲ್ಲಿ ತೀರಿಕೊಂಡ ಅವರನ್ನು ಧರ್ಮಸಭೆ 2021ರಲ್ಲಿ ಪೂಜ್ಯರೆಂದು ಘೋಷಿಸಿತು.

ತೀರ್ಮಾನದ ಮೂರು ಮೆಟ್ಟಿಲು

ಸಂತ ತೋಮಾಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣಕ್ಕೆ ಮೂರು ಕಾರ್ಯಗಳನ್ನು ಹೇಳುತ್ತಾರೆ: ಸಮಾಲೋಚನೆ, ತೀರ್ಪು, ಆಜ್ಞೆ. ಕೇಳಿ ತಿಳಿಯುವುದು, ತೂಗಿ ನೋಡುವುದು, ಬಳಿಕ ಕಾರ್ಯಕ್ಕಿಳಿಯುವುದು. ಆ ಭಾನುವಾರ ನಾನು ದಂಪತಿಗಳೊಡನೆ ಕುಳಿತು ಈ ಮೂರನ್ನೇ ಮಾಡಿದೆ.

ಸಮಾಲೋಚನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು: ಈ ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ? ಅದರಿಂದ ಕೂಸಿಗೆ ಅಪಾಯವೆಷ್ಟು? ದೋಷ ಕಂಡರೆ ಚಿಕಿತ್ಸೆಯುಂಟೆ, ಎಲ್ಲಿ? ಇವನ್ನು ಗುರುವಿಗಲ್ಲ, ವೈದ್ಯರಿಗೆ ಕೇಳಬೇಕು. ಕೇಳಲು ಹೆದರಬಾರದು.

ತೀರ್ಪಿನಲ್ಲಿ ಒಂದೇ ಪ್ರಶ್ನೆ: ಉತ್ತರ ಬಂದ ಮೇಲೆ ಅದರಿಂದ ನಾವೇನು ಮಾಡುತ್ತೇವೆ? ಕೂಸಿಗಾಗಿ ಮಾಡಬಹುದಾದದ್ದು ಏನಾದರೂ ಇದ್ದರೆ ಪರೀಕ್ಷೆಗೆ ಅರ್ಥವಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷವಿರುತ್ತದೆ. ಅದು ಸ್ಕ್ಯಾನಿಂಗಿನಲ್ಲಿ ಬಹುಮಟ್ಟಿಗೆ ಕಾಣುತ್ತದೆ, ಸೂಜಿ ಬೇಕಿಲ್ಲ. ಮೊದಲೇ ತಿಳಿದರೆ ಹೆರಿಗೆಯನ್ನು ಸೌಕರ್ಯವಿರುವ ಊರಿನಲ್ಲಿ ಮಾಡಿಸಬಹುದು. ಕೆಲವು ತಂದೆತಾಯಿಗಳಿಗೆ ಮನಸ್ಸನ್ನು ಸಿದ್ಧಗೊಳಿಸಿಕೊಳ್ಳಲು ಖಚಿತವಾಗಿ ತಿಳಿಯುವುದೇ ಲೇಸು. ಕೆಲವರಿಗೆ ಆ ಅಪಾಯ ಬೇಡ. ಇಲ್ಲಿ ಎರಡೂ ದಾರಿಗಳು ತೆರೆದಿವೆ. ಸಂಕಲ್ಪ ಒಳ್ಳೆಯದಿದ್ದರೆ ಸೂಜಿಯ ಪರೀಕ್ಷೆ ಮಾಡಿಸಿದವಳು ಪಾಪಿಯಲ್ಲ, ಬೇಡವೆಂದವಳು ಮೂಢಳೂ ಅಲ್ಲ.

ಮೂರನೆಯ ಮೆಟ್ಟಿಲನ್ನು ದಂಪತಿಗಳೇ ಹತ್ತಬೇಕು. "ನೀವೇ ಹೇಳಿಬಿಡ್ರಿ ಫಾದರ್" ಎಂದು ಗಂಡ ಎರಡು ಬಾರಿ ಕೇಳಿದ. "ಒಮ್ಮೆ ಹೇಳಿ ಕೆಟ್ಟವನಪ್ಪಾ ನಾನು. ಹೊರುವವಳು ನಿನ್ನ ಹೆಂಡತಿ, ಅವಳ ಮಾತು ಮೊದಲು ಕೇಳು" ಎಂದೆ.

ನಮ್ಮ ಪಾಲು

ಅಂಗವೈಕಲ್ಯವಿರುವ ಕೂಸನ್ನು ಹೆರು ಎಂದು ತಾಯಿಗೆ ಬೋಧಿಸಿ, ಹೆತ್ತ ಮೇಲೆ ಅವಳನ್ನು ಒಂಟಿಯಾಗಿ ಬಿಡುವ ಸಭೆಗೆ ಬೋಧಿಸುವ ಹಕ್ಕಿಲ್ಲ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಕೂಲಿಗೆ ಹೋಗುವ ತಾಯಿಯ ಕೂಸನ್ನು ಯಾರು ನೋಡಿಕೊಳ್ಳಬೇಕು? ಗುಳೆ ಹೋದರೆ ಕೂಸಿನ ಔಷಧದ ಗತಿಯೇನು? ಈ ಪ್ರಶ್ನೆಗಳಿಗೆ ಉತ್ತರ ಧರ್ಮಕೇಂದ್ರದಲ್ಲಿ ಹುಟ್ಟಬೇಕು. ಸರಕಾರದ ಏರ್ಪಾಡುಗಳೂ ಇವೆ. 2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟುದೋಷವಿರುವ ಮಕ್ಕಳ ತಪಾಸಣೆ, ಚಿಕಿತ್ಸೆಗಳಿಗೆ ನೆರವುಂಟು. 2016ರ ಅಂಗವಿಕಲರ ಹಕ್ಕುಗಳ ಕಾನೂನು, ಬೌದ್ಧಿಕ ವೈಕಲ್ಯವುಳ್ಳವರಿಗೆ ಒಂದು ಲಕ್ಷ ರೂಪಾಯಿಯವರೆಗಿನ 'ನಿರಾಮಯ' ಆರೋಗ್ಯ ವಿಮೆ ಇವೆಲ್ಲ ಉಂಟು. ಅರ್ಜಿ ತುಂಬಲು ಬಾರದವರಿಗೆ ತುಂಬಿಕೊಡುವುದು ನಮ್ಮ ವಿದ್ಯಾವಂತ ಯುವಜನರ ಕೆಲಸವಾಗಲಿ.

ಮುಂದಿನ ಭಾನುವಾರ ದಂಪತಿಗಳು ಮತ್ತೆ ಬಂದರು. "ಸೂಜಿ ಬ್ಯಾಡ್ರಿ ಫಾದರ್. ಹೋದ ಸಲ ಎರಡು ತಿಂಗಳ ಕೂಸು ಕಳಕೊಂಡೀನಿ. ಇದನ್ನ ಅಲ್ಲಾಡಸೂ ಧೈರ್ಯ ನನಗಿಲ್ಲ. ಆದರ ಎದಿ ಸ್ಕ್ಯಾನ್ ಮಾತ್ರ ಮಾಡಸ್ತೀವ್ರಿ" ಎಂದಳು ತಾಯಿ. ಸ್ಕ್ಯಾನಿಂಗ್ ಆಯಿತು. ಕೂಸಿನ ಹೃದಯದ ಗೋಡೆಯಲ್ಲಿ ಒಂದು ರಂಧ್ರವಿರುವಂತೆ ಕಾಣುತ್ತದೆಂದು ವೈದ್ಯರು ಹೇಳಿದ್ದಾರೆ. ಹೆರಿಗೆಯನ್ನು ಕಲಬುರಗಿಯಲ್ಲೇ ಮಾಡಿಸುವುದೆಂದು ನಿಶ್ಚಯವಾಗಿದೆ. ಅಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೂ ಇದೆ.

ಈಗ ಆಕೆಗೆ ಎಂಟನೆಯ ತಿಂಗಳು. ಕೂಸಿಗೆ ಡೌನ್ ಸಿಂಡ್ರೋಮ್ ಇದೆಯೋ ಇಲ್ಲವೋ ಹುಟ್ಟುವವರೆಗೆ ತಿಳಿಯದು. ಆ 180ರಲ್ಲಿ ಒಂದಾಗಿದ್ದರೂ, ಅಲ್ಲದಿದ್ದರೂ, ಅದಕ್ಕೆ ಹೊದೆಯಲು ಕೌದಿಯನ್ನು ಅಜ್ಜಿ ಹೊಲಿಯುತ್ತಿದ್ದಾಳೆ. ಕಲಬುರಗಿಯಲ್ಲಿ ತಾಯಿಯ ಜೊತೆ ಇರಲು ನಮ್ಮ ಮಹಿಳಾ ಸಂಘದ ಇಬ್ಬರು ಸರದಿಯಂತೆ ಒಪ್ಪಿಕೊಂಡಿದ್ದಾರೆ. ಇನ್ನೂ ಒಬ್ಬರು ಬೇಕಾಗಿದ್ದಾರೆ. ಮಾತೆ ಮರಿಯ ಬಸುರಿ ಎಲಿಜಬೇತಳ ಮನೆಗೆ ಬೆಟ್ಟಗಾಡಿನ ದಾರಿಯಲ್ಲಿ ನಡೆದುಹೋಗಿ ಮೂರು ತಿಂಗಳು ಜೊತೆಗಿದ್ದುದನ್ನು ನಾವು ಜಪಮಾಲೆಯಲ್ಲಿ ನೆನೆಯುತ್ತೇವೆ. ನಾವು ನಡೆಯಬೇಕಾದದ್ದು ಯಾದಗಿರಿಯ ರೈಲುನಿಲ್ದಾಣದವರೆಗೆ ಮಾತ್ರ. ಬರಲು ಮನಸ್ಸುಳ್ಳವರು ಬರುವ ಭಾನುವಾರ ಬಲಿಪೂಜೆಯ ನಂತರ ನನ್ನನ್ನು ಕಾಣಬೇಕಾಗಿ ವಿನಂತಿ.